2.4 ಮತ್ತು 866: ತೆಂಗಿನ ತೋಟದ ಪರೀಕ್ಷೆ

ನಾನು ಮಾಡೆಲ್ ವಿಮಾನ ಹಾರಿಸುವವನು. ಭಾವ ಅಮೆರಿಕದಿಂದ ಬರುವಾಗ 915 ಮೆಗಾಹರ್ಟ್ಸ್‌ನ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ (ರಿಮೋಟಿಗೂ ವಿಮಾನಕ್ಕೂ ನಡುವಿನ ರೇಡಿಯೊ ಸಂಪರ್ಕ ವ್ಯವಸ್ಥೆ) ಮಾಡ್ಯೂಲ್ ಮತ್ತು ರಿಸೀವರ್ ತಂದುಕೊಟ್ಟರು. ನನ್ನ ರೇಡಿಯೊದಲ್ಲಿ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ, ಮೊದಲಿಂದ ಇರುವುದು 2.4 ಗಿಗಾಹರ್ಟ್ಸ್. ಎರಡನ್ನೂ ಒಂದೇ ಫೋಮ್ ವಿಮಾನಕ್ಕೆ ಹಾಕಿ ನೋಡೋಣ ಅಂತ ಹೊರಟೆ.

ತಂದಿದ್ದನ್ನು ಹಾಗೆಯೇ ಆನ್ ಮಾಡುವಂತಿರಲಿಲ್ಲ. ಅಲ್ಲಿ 902ರಿಂದ 928ರವರೆಗೆ ಲೈಸೆನ್ಸ್ ಬೇಡ. ಇಲ್ಲಿ 890ರಿಂದ 915, ನಮ್ಮ ಮೊಬೈಲುಗಳು ಟವರ್ ಜೊತೆ ಮಾತಾಡುವ ಜಾಗ. ಇದೇ ಮಾಡ್ಯೂಲನ್ನು ಇಲ್ಲಿ ತರಿಸಿಕೊಂಡು ಏನೂ ಬದಲಿಸದೆ ಹಾರಿಸುವವರಿದ್ದಾರೆ, ಅದು ತಪ್ಪು. ಫರ್ಮ್‌ವೇರ್‌ನಲ್ಲಿ (ಮಾಡ್ಯೂಲಿನ ಒಳಗಿನ ಸಾಫ್ಟ್‌ವೇರ್) ಭಾರತಕ್ಕೆಂದೇ ಐಎನ್866 ಆಯ್ಕೆ ಇದೆ, 866 ಮೆಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುವಂಥದ್ದು. ಮಾಡ್ಯೂಲು, ರಿಸೀವರು ಎರಡಕ್ಕೂ ಅದನ್ನೇ ಫ್ಲ್ಯಾಶ್ ಮಾಡಬೇಕು, ಅಂದರೆ ತುಂಬಬೇಕು. ನಾನು ರಿಸೀವರಿಗೆ ಮರೆತು, ಎರಡೂ ಯಾಕೆ ಬೈಂಡ್ (ಜೋಡಿ) ಆಗುತ್ತಿಲ್ಲ ಅಂತ ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ.

ಪರೀಕ್ಷೆ ನೆಲದ ಮೇಲೇ ನಡೆಯಿತು. ಪ್ರೊಪೆಲರ್ ಬಿಚ್ಚಿದೆ. ಎರಡಕ್ಕೂ 10 ಮಿಲಿವಾಟ್ ಪವರ್, ಸೆಕೆಂಡಿಗೆ 50 ಸಂದೇಶ (50 ಹರ್ಟ್ಸ್). ನಾನು ಕೆರೆ ಏರಿ ಮೇಲೆ ರೇಡಿಯೊ ಹಿಡಿದು ನಿಂತೆ, ತಮ್ಮ ವಿಮಾನ ಹೊತ್ತು ತೆಂಗಿನ ತೋಟದೊಳಗೆ ನಡೆದ. ಬಯಲಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ತೋಟದ ನಡುವಿಗೆ ಹೋದಾಗ 2.4ರ ಲಿಂಕ್ ಕ್ವಾಲಿಟಿ (ನೂರಕ್ಕೆ ಎಷ್ಟು ಸಂದೇಶ ತಲುಪಿತು ಅನ್ನುವ ಲೆಕ್ಕ) ಎಪ್ಪತ್ತಕ್ಕೆ ಇಳಿದು ಹತ್ತುತ್ತಾ ಇಳಿಯುತ್ತಾ ಇತ್ತು. 866 ನೂರು ಬಿಟ್ಟು ಕದಲಲಿಲ್ಲ. ಹಸಿ ಎಲೆ, ಕಾಂಡಗಳು ಗಿಡ್ಡ ತರಂಗವನ್ನು ಹೆಚ್ಚು ನುಂಗುತ್ತವೆ, ಉದ್ದದ್ದು ಹೇಗೋ ನುಸುಳುತ್ತದೆ.

ಆ ಉದ್ದವೇ ವಿಮಾನದೊಳಗೆ ತಲೆನೋವು. ಆಂಟೆನಾದ ಅಳತೆ ಹೊರಡುವುದು ಕಾಲು ತರಂಗದ ಉದ್ದದಿಂದ. 866ರ ಕಾಲು ತರಂಗ 8.7 ಸೆಂಟಿಮೀಟರ್, 2.4ರದ್ದು ಮೂರು ಚಿಲ್ಲರೆ. ಟಿ ಆಕಾರದ ಆಂಟೆನಾವನ್ನು ಸಿಗ್ನಲ್ ತಡೆಯುವ ರೆಕ್ಕೆಯ ಕಾರ್ಬನ್ ರಾಡ್‌ನಿಂದ ದೂರ ಇಡಲು ಫೋಮ್ ಕೊರೆಯಬೇಕಾಯಿತು. 2.4ರದ್ದನ್ನು ಬಾಲದ ಕಡೆ ಟೇಪ್ ಹಾಕಿ ಅಂಟಿಸಿದ್ದೆ, ಅಷ್ಟೇ.

ಇಷ್ಟೆಲ್ಲ ಆದಮೇಲೆ ನಿಯಮಗಳನ್ನು ಸಾಲುಸಾಲಾಗಿ ಓದಿದೆ. ಮೊದಲೇ ಓದಬೇಕಿತ್ತು. ಎರಡು ತರಂಗ ಪಟ್ಟಿಗಳನ್ನೂ (ಬ್ಯಾಂಡ್) 2005ರಲ್ಲೇ ಲೈಸೆನ್ಸಿನಿಂದ ಬಿಟ್ಟಿದ್ದಾರೆ, ಎರಡರಲ್ಲೂ ಟ್ರಾನ್ಸ್‌ಮಿಟರ್‌ಗೆ 1 ವಾಟ್, ಆಂಟೆನಾದಿಂದ ಹೊರಡುವುದಕ್ಕೆ 4 ವಾಟ್ ಮಿತಿ. ಪವರ್ ವಿಷಯದಲ್ಲಿ ನಾವು ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಸಿಕ್ಕಿಬೀಳುವುದು ಅಗಲದಲ್ಲಿ. 865–868ರ ನಿಯಮದಲ್ಲಿ ಕ್ಯಾರಿಯರ್ ಅಗಲ, ಅಂದರೆ ಒಂದು ಸಿಗ್ನಲ್ ಆವರಿಸಬಹುದಾದ ಜಾಗ, 200 ಕಿಲೋಹರ್ಟ್ಸ್, ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಆ ಪಟ್ಟಿಯಲ್ಲಿ ಬಳಸುವುದು 500. ಮೆನುವಿನಲ್ಲಿ ಐಎನ್ ಅಂತ ಬರೆದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಲ್ಲ. 2.4ರಲ್ಲಿ 2400ರಿಂದ 2483.5ರವರೆಗೆ ಇಡೀ ಬಯಲು ನಮ್ಮದು, ವೈಫೈ ಗಲಾಟೆಯ ನಡುವೆಯೂ ಜಿಗಿದಾಡಲು ಜಾಗ ಸಾಕಷ್ಟು.

ಅಲ್ಲದೆ 2021ರ ಡ್ರೋನ್ ನಿಯಮದ ಪ್ರಕಾರ ಮಾಡೆಲ್ ವಿಮಾನ ಕಣ್ಣಳತೆಯಲ್ಲೇ ಹಾರಬೇಕು. ಕಣ್ಣಿಗೆ ಕಾಣುವಷ್ಟು ದೂರಕ್ಕೆ 2.4 ಧಾರಾಳ. ತೋಟದ ಹಿಂದೆ ನನ್ನ ವಿಮಾನಕ್ಕೆ ಕೆಲಸವೇ ಇಲ್ಲ.

866ರ ರಿಸೀವರ್ ಕಿತ್ತು, ಕೊರೆದ ಜಾಗಕ್ಕೆ ಫೋಮ್ ಅಂಟಿಸಿದೆ. ಮಾಡ್ಯೂಲನ್ನು ಮತ್ತೆ ಅಮೆರಿಕದ ಆಯ್ಕೆಯಾದ ಎಫ್‌ಸಿಸಿ915ಕ್ಕೆ ಫ್ಲ್ಯಾಶ್ ಮಾಡಿ ಇಟ್ಟಿದ್ದೇನೆ. ಭಾವ ವಾಪಸ್ ಹೋಗುವಾಗ ಚಟ್ನಿಪುಡಿ ಜೊತೆ ಅದೂ ಹೋಗುತ್ತದೆ.