ಒಲೆ ಹೂಡುವ ಮುನ್ನ ತಲೆ ಎತ್ತಿ ನೋಡಿ

ಮರದ ನೆರಳಿನಲ್ಲಿ ಮೂರು ಕಲ್ಲು ಹೂಡಿ, ಅಲ್ಲೇ ಬೇಯಿಸಿಕೊಂಡು ಉಣ್ಣಬೇಕೆಂಬ ಆಸೆಯಿಂದ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಟವರಿಗೆ ಇದು ಮುಟ್ಟಲಿ ಎಂದು ಬರೆಯುತ್ತಿದ್ದೇನೆ. ನಾವು ಒಂಬತ್ತು ಜನ ಹೋಗಿದ್ದೆವು. ಒಂಬತ್ತೂ ಜನ ಜೀವಸಹಿತ ಮರಳಿದೆವು. ಆದರೆ ಹೆಜ್ಜೇನು ಕಡಿದು ನನ್ನ ಭಾವ ಆರು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ನಮಗೂ ತನಗೂ ಯಾವ ಸಂಬಂಧವೂ ಇಲ್ಲದ ಒಬ್ಬ ಹೆಂಗಸು ನಮ್ಮ ತಪ್ಪಿಗೆ ನೋವು ತಿಂದರು. ಅದನ್ನು ನೆನೆದರೆ ಇಂದಿಗೂ ಊಟ ಸೇರುವುದಿಲ್ಲ.

ಜನವರಿ ತಿಂಗಳು, ಅವರೆಕಾಯಿಯ ಕಾಲ. ಮಾಗಡಿ ಕಡೆಯ ಸೊಗಡವರೆ ತಂದು, ಹಿಂದಿನ ರಾತ್ರಿಯೇ ಸುಲಿದು ನೆನೆಹಾಕಿ, ಮನೆಯವರೆಲ್ಲ ಸುತ್ತ ಕುಳಿತು ಹಿತುಕಿದ್ದೆವು. ಕೆರೆ ಏರಿಯ ಮೇಲಿನ ಆಲದ ಮರದ ಕೆಳಗೆ ಹಿತಕಿದಬೇಳೆ ಸಾರು ಮಾಡಿ, ಮುದ್ದೆ ಕಟ್ಟಿ, ಮಧ್ಯಾಹ್ನ ಉಂಡು ಸಂಜೆಗೆ ಮರಳುವುದು ನಮ್ಮ ಯೋಜನೆ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಗೊತ್ತಿದ್ದರಿಂದಲೇ ಕಾಡಿನ ಕಡೆ ಹೋಗದೆ ಊರ ಕೆರೆಯನ್ನು ಆರಿಸಿಕೊಂಡಿದ್ದೆವು. ಆ ಮರ ನಮಗೆ ಹೊಸದೂ ಅಲ್ಲ. ಹಿಂದಿನ ಆಗಸ್ಟ್‌ನಲ್ಲಿ ಅದರ ಕೆಳಗೇ ಕುಳಿತು ಪುಳಿಯೋಗರೆ ತಿಂದಿದ್ದೆವು.

ಆ ಪರಿಚಯವೇ ನಮ್ಮನ್ನು ಮೋಸಗೊಳಿಸಿತು. ಹೆಜ್ಜೇನು ವಲಸೆ ಹೋಗುವ ಜೇನು. ಹೂವಿನ ಕಾಲಕ್ಕೆ ಬಂದು ಹುಟ್ಟು ಕಟ್ಟುತ್ತದೆ, ಹೂವು ಮುಗಿದಾಗ ಬರಿಯ ಮೇಣ ಬಿಟ್ಟು ಹಾರಿಹೋಗುತ್ತದೆ, ಮರುವರ್ಷ ಬಹಳ ಸಲ ಅದೇ ಮರಕ್ಕೆ, ಅದೇ ಬಂಡೆಗೆ ಮರಳುತ್ತದೆ. ಆಗಸ್ಟ್‌ನಲ್ಲಿ ಖಾಲಿ ಇದ್ದ ಕೊಂಬೆ ಜನವರಿಯಲ್ಲಿ ಖಾಲಿ ಇರಬೇಕೆಂದಿಲ್ಲ. ‘ಕಳೆದ ಸಲ ಬಂದಾಗ ಏನೂ ಇರಲಿಲ್ಲ’ ಎಂಬ ಮಾತನ್ನು ದಯವಿಟ್ಟು ನೆಚ್ಚಿಕೊಳ್ಳಬೇಡಿ.

ಅಲ್ಲಿ ಗುರುತುಗಳು ಇರಲಿಲ್ಲವೆಂದಲ್ಲ. ಕಾರು ನಿಲ್ಲಿಸಿ ಪಾತ್ರೆ ಇಳಿಸುವಷ್ಟರಲ್ಲಿ ಬಿಳಿಯ ಬಾನೆಟ್ಟಿನ ಮೇಲೆ ಸಾಸಿವೆ ಗಾತ್ರದ ಹಳದಿ ಹನಿಗಳು ಬಿದ್ದಿದ್ದವು. ಬೆರಳಿನಿಂದ ಒರೆಸಿದರೆ ಅರಿಸಿನದಂತೆ ಅಂಟಿತು. ಹಕ್ಕಿಯ ಹಿಕ್ಕೆ ಇರಬೇಕೆಂದುಕೊಂಡೆ. ಅದು ಹೆಜ್ಜೇನಿನ ಹಿಕ್ಕೆ. ಇಡೀ ಕುಟುಂಬ ಒಟ್ಟಿಗೆ ಹಾರಿ ಹಾಕುವುದರಿಂದ ಕೆಳಗಿನ ಎಲೆ, ಕಲ್ಲು, ವಾಹನಗಳ ಮೇಲೆ ಹಳದಿ ಮಳೆ ಹನಿದಂತೆ ಕಾಣುತ್ತದೆ. ಸಣ್ಣಗೆ ಮೊರೆತವೂ ಕೇಳುತ್ತಿತ್ತು. ದೂರದ ತೋಟದಲ್ಲಿ ಪಂಪ್‌ಸೆಟ್ ಓಡುತ್ತಿದೆ ಎಂದು ಭಾವಿಸಿದೆವು. ಎಂಟು ವರ್ಷದ ಸೋದರ ಸೊಸೆಯಂತೂ ಮೇಲೆ ನೋಡಿ, ‘ಮಾವ, ಆ ಕೊಂಬೆಯ ಮೇಲೆ ಅಲೆ ಓಡುತ್ತಿದೆ’ ಎಂದಿದ್ದಳು. ಎಲೆಗಳ ನಡುವೆ ಬಿಸಿಲು ಆಡುತ್ತಿರಬೇಕೆಂದು ಹೇಳಿ ಸುಮ್ಮನಾಗಿಸಿದೆ. ಆ ಮಗು ನೋಡಿದ್ದು ಸರಿಯಾಗಿತ್ತು. ತುಡುವೆ ಜೇನಿನಂತೆ ಹೆಜ್ಜೇನು ಪೊಟರೆಯೊಳಗೆ ಅಡಗುವುದಿಲ್ಲ. ದಪ್ಪ ಕೊಂಬೆಯ ಅಡಿಯಲ್ಲಿ ಬಯಲಿಗೇ ಒಂದೇ ಹುಟ್ಟು ಇಳಿಬಿಡುತ್ತದೆ, ಅದರ ಅಗಲ ಒಂದು ಮೀಟರಿನವರೆಗೂ ಹೋಗುತ್ತದೆ, ಸಾವಿರಾರು ಹುಳುಗಳು ಅದನ್ನು ಪರದೆಯಂತೆ ಮುಚ್ಚಿಕೊಂಡಿರುತ್ತವೆ. ಕಡಜವೋ ಹಕ್ಕಿಯೋ ಹತ್ತಿರ ಬಂದರೆ ಆ ಹುಳುಗಳು ಸಾಲುಸಾಲಾಗಿ ಹೊಟ್ಟೆ ಎತ್ತಿ ಇಳಿಸುತ್ತವೆ. ಕೆಳಗಿನಿಂದ ನೋಡಿದವರಿಗೆ ಕಪ್ಪು ಹಲಗೆಯ ಮೇಲೆ ಹೊಳೆಯುವ ಅಲೆ ಹಾದುಹೋದಂತೆ ಕಾಣುತ್ತದೆ. ನಮ್ಮ ಒಲೆಯ ನೇರಕ್ಕೆ ಅಂಥ ಮೂರು ಹುಟ್ಟುಗಳಿದ್ದವು.

ಇಬ್ಬನಿಗೆ ಒದ್ದೆಯಾಗಿದ್ದ ಪುರಳೆ ಹೊತ್ತಿಕೊಳ್ಳಲಿಲ್ಲ. ಭಾವ ಊದುಕೊಳವೆ ಹಿಡಿದು ಊದಿದಷ್ಟೂ ದಟ್ಟವಾದ ಹೊಗೆ ನೆಟ್ಟಗೆ ಮೇಲೇರಿತು. ಪೆಟ್ಟಿಗೆ ಜೇನು ಸಾಕುವವರು ಹೊಗೆ ಹಾಕಿ ಹುಳುಗಳನ್ನು ಸುಮ್ಮನಾಗಿಸುತ್ತಾರೆ ಎಂದು ಕೇಳಿ, ಹೊಗೆ ಕಂಡರೆ ಜೇನು ದೂರ ಹೋಗುತ್ತದೆ ಎಂದು ನಂಬಿರುವವರು ಬಹಳ. ತಂಪಾದ ಹೊಗೆಯನ್ನು ಹದವರಿತು ಒಂದೆರಡು ಸಲ ಬಿಡುವುದು ಬೇರೆ, ಬಯಲಿನಲ್ಲಿ ತೂಗುವ ಹುಟ್ಟಿನ ಕೆಳಗೆ ಬಿಸಿಹೊಗೆ ಎಬ್ಬಿಸುವುದು ಬೇರೆ. ತಲೆತಲಾಂತರದಿಂದ ಹೆಜ್ಜೇನು ಇಳಿಸುತ್ತಾ ಬಂದಿರುವ ಸೋಲಿಗರು, ಜೇನುಕುರುಬರು ಕೂಡ ಆ ಕೆಲಸಕ್ಕೆ ಕತ್ತಲ ರಾತ್ರಿಯನ್ನು ಕಾಯುತ್ತಾರೆ. ನಾವು ಹಾಡಹಗಲು ಹನ್ನೊಂದೂವರೆಗೆ ಹೊಗೆ ಹಾಕಿದ್ದೆವು.

ಮೊದಲ ಹುಳು ಭಾವನ ಕಿವಿಗೆ ಕಡಿಯಿತು. ಅವರು ಪಟ್ಟೆಂದು ಹೊಡೆದು ಸಾಯಿಸಿದರು. ಮರುಕ್ಷಣ ನನ್ನ ಮೂಗಿಗೆ ಮಾಗಿದ ಬಾಳೆಹಣ್ಣಿನ ವಾಸನೆ ಬಡಿಯಿತು. ಚೀಲದಲ್ಲಿದ್ದ ಬಾಳೆಹಣ್ಣನ್ನು ಯಾರೋ ತುಳಿದರೆಂದು ತಿರುಗಿ ನೋಡಿದೆ. ಹಣ್ಣು ಇದ್ದಲ್ಲೇ ಇತ್ತು. ಕಡಿದ ಜೇನಿನ ಮುಳ್ಳಿನಿಂದ ಹೊರಬೀಳುವ ವಾಸನೆಯೇ ಅದು. ‘ಶತ್ರು ಇಲ್ಲಿದ್ದಾನೆ’ ಎಂದು ಉಳಿದ ಹುಳುಗಳಿಗೆ ತೋರಿಸುವ ಗುರುತು. ಒಮ್ಮೆ ಕಡಿಸಿಕೊಂಡವರ ಮೈಗೇ ಮತ್ತೆ ಮತ್ತೆ ಮುತ್ತುವುದು ಈ ಕಾರಣಕ್ಕೆ. ಹುಳುವನ್ನು ಹೊಸಕಿದರೆ ವಾಸನೆ ಇನ್ನೂ ಹೆಚ್ಚಾಗುತ್ತದೆ.

‘ಜೇನು ಎದ್ದವು!’ ಎಂದು ಏರಿಯ ಆ ತುದಿಯಿಂದ ಯಾರೋ ಕೂಗಿದ್ದು ಕೇಳಿಸಿತು. ಆಮೇಲಿನ ಹತ್ತು ನಿಮಿಷದಲ್ಲಿ ನಾವು ಒಬ್ಬೊಬ್ಬರು ಒಂದೊಂದು ತಪ್ಪು ಮಾಡಿದೆವು. ನಾನು ಟವೆಲ್ ಬೀಸುತ್ತಾ ನಿಂತೆ. ಬೀಸಿದಷ್ಟೂ ಅವು ಮುಖಕ್ಕೇ ಬಂದವು. ಕಾರಿನ ಕೀಲಿಯನ್ನು ಅಡುಗೆ ಸಾಮಾನಿನ ಚೀಲದೊಳಗೆ ಹಾಕಿದ್ದೆ, ಅದು ಒಲೆಯ ಪಕ್ಕದಲ್ಲಿತ್ತು. ಅದನ್ನು ತರಲು ಹೋದ ನನ್ನ ಹೆಂಡತಿಯ ಎರಡೂ ಕಣ್ಣು ಅರ್ಧ ಗಂಟೆಯಲ್ಲಿ ಊದಿ ಮುಚ್ಚಿಹೋದವು. ಗೆಳೆಯನೊಬ್ಬ ಕೆರೆಗೆ ಹಾರಿದ. ನೀರಿಗೆ ಇಳಿದರೆ ಜೇನು ಬಿಡುತ್ತದೆ ಎಂದು ಅವನೂ ಚಿಕ್ಕಂದಿನಿಂದ ಕೇಳಿದವನು. ಹುಳುಗಳು ನೀರಿನ ಮೇಲೆಯೇ ಸುತ್ತುತ್ತಿದ್ದವು. ಉಸಿರಿಗೆಂದು ತಲೆ ಎತ್ತಿದಾಗಲೆಲ್ಲ ನೆತ್ತಿಗೆ, ತುಟಿಗೆ, ಮೂಗಿನ ಹೊಳ್ಳೆಗೆ ಕಡಿದವು. ಒಮ್ಮೆಯಂತೂ ಗಾಬರಿಯಲ್ಲಿ ನೀರು ಕುಡಿದು, ಕೆಸರಿನಲ್ಲಿ ಕಾಲು ಸಿಕ್ಕಿ, ಮೇಲೆ ಬರುವುದೇ ಕಷ್ಟವಾಗಿತ್ತು.

ಸರಿಯಾದ ಕೆಲಸ ಮಾಡಿದವಳು ನನ್ನ ತಂಗಿ ಒಬ್ಬಳೇ. ಮಕ್ಕಳ ತಲೆಯ ಮೇಲೆ ತನ್ನ ಶಾಲು ಎಳೆದು, ಹಿಂದೆ ತಿರುಗಿ ನೋಡದೆ, ಏರಿಯ ಉದ್ದಕ್ಕೂ ನೇರವಾಗಿ ಓಡಿ ಊರ ಮೊದಲ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಮೂವರಿಗೂ ಸೇರಿ ಹತ್ತು ಕಡಿತವೂ ಇರಲಿಲ್ಲ. ಹೆಜ್ಜೇನು ನೂರಾರು ಮೀಟರ್ ಬೆನ್ನಟ್ಟುತ್ತದೆ. ಹತ್ತು ಹೆಜ್ಜೆ ಓಡಿ ನಿಂತು ನೋಡುವುದರಿಂದ ಪ್ರಯೋಜನವಿಲ್ಲ. ಮುಖ ಮುಚ್ಚಿಕೊಂಡು, ಬಾಗಿಲು ಹಾಕಿಕೊಳ್ಳುವಂಥ ಜಾಗ ಸಿಗುವವರೆಗೆ ಓಡಬೇಕು. ಮನೆ ಇಲ್ಲದಿದ್ದರೆ ಗಾಜು ಏರಿಸಿದ ಕಾರು. ಜೊತೆಗೆ ನಾಲ್ಕು ಹುಳು ಒಳಗೆ ಬಂದರೂ ಪರವಾಗಿಲ್ಲ, ಅವು ಬೆಳಕಿನ ಕಡೆಗೆ, ಗಾಜಿಗೆ ಹೋಗಿ ಬಡಿಯುತ್ತವೆ.

ಓಡಲಾಗದವರ ಗತಿ ಏನು? ನನ್ನ ಅಮ್ಮನಿಗೆ 68 ವರ್ಷ, ಮಂಡಿನೋವು. ಕೂತಲ್ಲಿಂದ ಏಳುವುದಕ್ಕೇ ಆಸರೆ ಬೇಕು. ಊಟಕ್ಕೆ ಹಾಸಿದ್ದ ಜಮಖಾನೆಯನ್ನು ಗೆಳೆಯನ ಹೆಂಡತಿ ಎಳೆದು ಅಮ್ಮನ ಮೇಲೆ ಹೊದಿಸಿ, ತಾನೂ ಒಳಗೆ ತೂರಿ, ಅಂಚುಗಳನ್ನು ನಾಲ್ಕೂ ಕಡೆ ಮೈಕೆಳಗೆ ಮಡಚಿಕೊಂಡು ಅಲುಗಾಡದೆ ಮಲಗಿದರು. ಸುಮಾರು ಮುಕ್ಕಾಲು ಗಂಟೆ ಹಾಗೇ ಇದ್ದರು. ಜಮಖಾನೆಯ ಹೊರಗೆ ಹುಳುಗಳು ಬಡಿಯುವುದು ಸಣ್ಣ ಆಲಿಕಲ್ಲು ಬಿದ್ದಂತೆ ಕೇಳಿಸುತ್ತಿತ್ತು ಎಂದು ಅಮ್ಮ ಆಮೇಲೆ ಹೇಳಿದರು. ಅವರಿಗೆ ಪಾದದ ಬಳಿ ನಾಲ್ಕು ಕಡಿತ ಮಾತ್ರ. ದಪ್ಪನೆಯ ಕಂಬಳಿಯೋ ಜಮಖಾನೆಯೋ ಇಲ್ಲದೆ ಹಿರಿಯರನ್ನು ಇಂಥ ಕಡೆಗೆ ಕರೆದೊಯ್ಯಬೇಡಿ.

ಏರಿಯ ಆ ಬದಿಯಲ್ಲಿ ಮೇಕೆ ಮೇಯಿಸುತ್ತಿದ್ದ ಹೆಂಗಸೇ ನಮಗೆ ಕೂಗಿ ಹೇಳಿದ್ದು. ಮೇಕೆಗಳನ್ನು ಬಿಟ್ಟು ಓಡಲು ಮನಸ್ಸು ಬಾರದೆ ನಿಂತ ಅವರಿಗೂ ಮೂವತ್ತಕ್ಕೂ ಹೆಚ್ಚು ಹುಳು ಕಡಿದವು. ಹಗ್ಗದಲ್ಲಿ ಕಟ್ಟಿದ್ದ ಒಂದು ಮೇಕೆ ಅಲ್ಲೇ ಸತ್ತಿತು.

ಊರಿನವರು 108ಕ್ಕೆ ಕರೆ ಮಾಡಿದರು. ಆಂಬುಲೆನ್ಸ್ ಬರುವವರೆಗೆ ಒಬ್ಬರು ಸುಣ್ಣ ತಂದು ಹಚ್ಚಲು ಶುರುಮಾಡಿದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಒಳಗೆ ಸೇರಿದ ವಿಷವನ್ನು ಸುಣ್ಣ ಹೀರುವುದಿಲ್ಲ. ಆ ಹೊತ್ತಿನಲ್ಲಿ ಆಗಬೇಕಾದದ್ದು ಮುಳ್ಳು ತೆಗೆಯುವ ಕೆಲಸ. ಹುಳು ಹೋದ ಮೇಲೂ ಮುಳ್ಳಿನ ಜೊತೆ ಉಳಿದ ವಿಷದ ಚೀಲ ತಾನೇ ತಾನಾಗಿ ಮಿಡಿಯುತ್ತಾ ವಿಷ ಇಳಿಸುತ್ತಲೇ ಇರುತ್ತದೆ. ಉಗುರಿನಿಂದ ಕೆರೆದೋ, ಚಿವುಟಿಯೋ, ಹೇಗಾದರೂ ಸರಿ, ಬೇಗ ತೆಗೆಯುವುದು ಮುಖ್ಯ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮೊದಲು ಭೇಟಿಯಾದ ಒಂದು ಚಿಕ್ಕ ಚಿಕಿತ್ಸಾಲಯದಲ್ಲಿ ಭಾವನಿಗೆ ಒಂದು ಇಂಜೆಕ್ಷನ್ ಕೊಟ್ಟು, ಅಲರ್ಜಿ ಮಾತ್ರೆ ಬರೆದು, ಮನೆಗೆ ಹೋಗಿ ಮಲಗಿ ಎಂದರು. ಅವರ ಮೈಯಿಂದ ನಾವು ತೆಗೆದ ಮುಳ್ಳುಗಳು ನೂರ ಇಪ್ಪತ್ತು ದಾಟಿದ್ದವು. ಉಸಿರಾಟ ಸರಿಯಿತ್ತು, ಮಾತೂ ಸರಿಯಿತ್ತು, ಹಾಗಾಗಿ ನಾವೂ ಒಪ್ಪಿದೆವು. ಮರುದಿನ ಬೆಳಗ್ಗೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಇಷ್ಟೊಂದು ಕಡಿತವಾದಾಗ ವಿಷವು ಸ್ನಾಯುಗಳನ್ನೂ ರಕ್ತಕಣಗಳನ್ನೂ ಒಡೆಯುತ್ತದೆ, ಆ ಒಡೆದ ಅಂಶಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಅದು ಕಾಣಿಸಿಕೊಳ್ಳಲು ಒಂದೆರಡು ದಿನ ಹಿಡಿಯಬಹುದು ಎಂದು ದೊಡ್ಡಾಸ್ಪತ್ರೆಯ ವೈದ್ಯರು ವಿವರಿಸಿದರು. ಡಯಾಲಿಸಿಸ್‌ವರೆಗೆ ಹೋಗದೆ ಡ್ರಿಪ್‌ನಲ್ಲೇ ಚೇತರಿಸಿಕೊಂಡದ್ದು ನಮ್ಮ ಪುಣ್ಯ. ಹತ್ತಾರು ಹುಳು ಕಡಿದಿದ್ದರೆ, ಎಷ್ಟೇ ಚೆನ್ನಾಗಿದ್ದೇವೆ ಅನಿಸಿದರೂ, ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ, ಒಂದು ದಿನವಾದರೂ ಆಸ್ಪತ್ರೆಯ ನಿಗಾದಲ್ಲಿರಿ. ಅಲರ್ಜಿ ಇರುವವರಿಗೆ ಒಂದೇ ಕಡಿತ ಸಾಕು. ಉಸಿರು ಕಟ್ಟುವುದು, ನಾಲಿಗೆ ದಪ್ಪವಾಗುವುದು, ತಲೆ ಸುತ್ತಿ ಬೀಳುವುದು ಕಂಡರೆ ಮಾತ್ರೆ ನುಂಗಿಸಿ ಕಾಯುತ್ತಾ ಕೂರಬೇಡಿ. ಅವರಿಗೆ ತಕ್ಷಣ ಅಡ್ರಿನಲಿನ್ ಚುಚ್ಚುಮದ್ದು ಬೇಕು.

ಪಾತ್ರೆಗಳನ್ನು ತರಲು ಮರುದಿನ ಕತ್ತಲಾದ ಮೇಲೆ ಊರಿನ ಒಬ್ಬರ ಜೊತೆ ಹೋದೆ. ಹಿತಕಿದಬೇಳೆಯ ಪಾತ್ರೆ ಮೂರು ಕಲ್ಲಿನ ಮೇಲೆ ಹಾಗೇ ಕುಳಿತಿತ್ತು. ಮೇಲೆಲ್ಲ ಸತ್ತ ಹುಳುಗಳು, ಬೇಳೆ ಕಾಣದಷ್ಟು. ಹುಟ್ಟಿಗೆ ಬೆಂಕಿ ಕೊಟ್ಟು ಸುಟ್ಟುಬಿಡೋಣ ಎಂದು ಕೆಲವರು ಹೇಳುತ್ತಿದ್ದರಂತೆ. ಬೇಡವೆಂದು ಕೈಮುಗಿದು ಕೇಳಿಕೊಂಡೆ. ಅವು ತಮ್ಮ ಮನೆಯಲ್ಲಿ ತಾವು ಇದ್ದವು, ಹೊಗೆ ಹಾಕಿದವರು ನಾವು. ಸುತ್ತಲಿನ ಮಾವು, ಹುಣಸೆ, ಹೊಂಗೆ ಕಾಯಿ ಕಟ್ಟುವುದರಲ್ಲಿ ಅವುಗಳ ದುಡಿಮೆಯೂ ಇದೆ.

ಈಗಲೂ ನಾವು ಹೊರಗೆ ಹೋಗುತ್ತೇವೆ, ಆದರೆ ಬುತ್ತಿ ಕಟ್ಟಿಕೊಂಡು. ಚಪಾತಿ, ಪುಳಿಯೋಗರೆ, ಚಟ್ನಿಪುಡಿ ಸಾಕು. ಒಲೆ ಹೂಡಲೇಬೇಕೆಂದಿದ್ದರೆ ದೊಡ್ಡ ಮರ, ಬಂಡೆಯ ಚಾಚು, ಹಳೆಯ ಮಂಟಪ, ಸೇತುವೆ, ನೀರಿನ ಟ್ಯಾಂಕ್‌ಗಳಿಂದ ದೂರದ ಬಯಲು ನೋಡಿಕೊಳ್ಳಿ. ಅಲ್ಲಿಯ ದನಗಾಹಿಗಳನ್ನು ‘ಇಲ್ಲಿ ಜೇನು ಕಟ್ಟಿದೆಯೇ?’ ಎಂದು ಮೊದಲು ಕೇಳಿ. ಕಾರಿನ ಕೀಲಿ ಜೇಬಿನಲ್ಲೇ ಇರಲಿ. ಗಾಢವಾದ ಸುಗಂಧ ಹಾಕಿಕೊಂಡು ಹೋಗಬೇಡಿ. ಮಕ್ಕಳ ಕೈಗೆ ಕವಣೆ, ಕಲ್ಲು ಕೊಡಬೇಡಿ. ಪಟಾಕಿಯಂತೂ ಬೇಡವೇ ಬೇಡ.

ಆ ಹೆಂಗಸಿನ ಮನೆಗೆ ಎರಡು ಸಲ ಹೋಗಿ ಬಂದೆವು. ಚಿಕಿತ್ಸೆಯ ಖರ್ಚನ್ನೂ ಮೇಕೆಯ ಬೆಲೆಯನ್ನೂ ಕೊಟ್ಟೆವು. ತೆಗೆದುಕೊಳ್ಳಲು ಅವರು ಸುಲಭಕ್ಕೆ ಒಪ್ಪಲಿಲ್ಲ. ‘ನನ್ನದೇನೋ ಆಗಿಹೋಯಿತು. ಬೆಂಗಳೂರಿನಿಂದ ವಾರವಾರವೂ ಕಾರುಗಳು ಬರುತ್ತವೆ, ಅವರಿಗೆಲ್ಲ ಯಾರು ಹೇಳುವವರು?’ ಎಂದು ಕೇಳಿದರು. ಮರದ ಬುಡದಲ್ಲಿರುವ ಚಪ್ಪಡಿಯ ಮೇಲೆ ‘ಜೇನು ಕಟ್ಟಿದೆ, ಒಲೆ ಹಚ್ಚಬೇಡಿ’ ಎಂದು ನಾನೂ ಭಾವನೂ ಸೇರಿ ಬಿಳಿ ಬಣ್ಣದಲ್ಲಿ ಬರೆದು ಬಂದಿದ್ದೇವೆ.