ಶಿಕಾಗೋ ಡೇಟಾ ಪೋರ್ಟಲ್: ಕಾರ್‌ಜಾಕಿಂಗ್ ಲೆಕ್ಕಕ್ಕೆ ಎಷ್ಟು ನಂಬಬಹುದು?

ಚಾಲಕನ ಎದುರಿಗೇ ಹೊಡೆದೋ ಬೆದರಿಸಿಯೋ ಗಾಡಿ ಕಸಿದರೆ ಕಾರ್‌ಜಾಕಿಂಗ್. ಎಂಜಿನ್ ಚಾಲೂ ಬಿಟ್ಟು ಅಂಗಡಿಗೆ ಹೋದವನ ಗಾಡಿ ಮಾಯವಾದರೆ ಅದು ಬರೀ ಕಳವು. ಈ ಗೆರೆ ಎಳೆಯದ ಅಂಕಿಅಂಶಗಳೇ ಹೆಚ್ಚು. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ವರದಿಯಲ್ಲೂ ಇದಕ್ಕೆ ಪ್ರತ್ಯೇಕ ತಲೆಬರಹವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಮಿನ ದರೋಡೆಯೊಳಗೆ ಕರಗಿಹೋಗುತ್ತದೆ. ಅಮೆರಿಕದ ಶಿಕಾಗೋ ನಗರ ತನ್ನ ಡೇಟಾ ಪೋರ್ಟಲ್ ಜಾಲತಾಣದಲ್ಲಿ ಉಚಿತವಾಗಿ ಕೊಡುವ, 2001ರಿಂದ ಈಚಿನ ಅಪರಾಧಗಳ ಪಟ್ಟಿ ಇಷ್ಟವಾಗುವುದು ಅದಕ್ಕೇ.

ಮೋಟಾರು ವಾಹನ ಕಳವು ವಿಭಾಗಕ್ಕೆ ಹೋಗಬೇಡಿ, ಅಲ್ಲಿ ಸಿಗುವುದಿಲ್ಲ. ಇದು ದರೋಡೆಯ ಕೆಳಗಿದೆ. ಐಯುಸಿಆರ್ (ಇಲಿನಾಯ್ ರಾಜ್ಯದ ಅಪರಾಧ ಕೋಡ್) ಕಾಲಂನಲ್ಲಿ 0325 (ಸಾಮಾನ್ಯ ಕಾರ್‌ಜಾಕಿಂಗ್) ಮತ್ತು 0326 (ಉಗ್ರ ದರ್ಜೆಯದು) ಎರಡನ್ನೂ ಸೋಸಿ, ಆಮೇಲೆ ಇಳಿಸಿಕೊಳ್ಳಿ. ಪೂರ್ತಿ ಕಡತದ ಸಾಲುಗಳು ಎಕ್ಸೆಲ್‌ನ 10,48,576 ಸಾಲುಗಳ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತವೆ. ಎಪಿಐ (ಪ್ರೋಗ್ರಾಂನಿಂದಲೇ ದತ್ತಾಂಶ ಕೇಳುವ ದಾರಿ) ಮೂಲಕ ತರಿಸಿಕೊಳ್ಳುವವರು ಲಿಮಿಟ್ ನಮೂದಿಸದಿದ್ದರೆ 1000 ಸಾಲಿಗೇ ನಿಂತುಬಿಡುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ಕೋಡ್ ಕಾಲಂ ಅನ್ನು ಪಠ್ಯವೆಂದೇ ತೆರೆಯಿರಿ. ಎಕ್ಸೆಲ್ ಮೊದಲ ಸೊನ್ನೆ ನುಂಗಿದರೆ ಸೋಸಿದಾಗ ಒಂದು ಸಾಲೂ ಉಳಿಯದು.

0326 ಎಂದರೆ ಬಂದೂಕು ಎಂದು ಓದುವುದು ಸಾಮಾನ್ಯ ತಪ್ಪು. ಇಲಿನಾಯ್ ಕಾನೂನಿನಲ್ಲಿ ಗಾಡಿಯವರಿಗೆ 60 ವರ್ಷ ತುಂಬಿದ್ದರೂ, ಒಳಗೆ 16ಕ್ಕಿಂತ ಚಿಕ್ಕ ಮಗುವಿದ್ದರೂ ಪ್ರಕರಣ ಉಗ್ರ ದರ್ಜೆಗೇರುತ್ತದೆ. ಎರಡು ಕೋಡ್‌ಗಳನ್ನೂ ಕೂಡಿಸಿಯೇ ವರ್ಷಗಳನ್ನು ಹೋಲಿಸಿ.

ಎಲ್ಲಿ, ಯಾವಾಗ ಎಂಬ ಪ್ರಶ್ನೆಗೆ ಇಷ್ಟು ಒಳ್ಳೆಯ ತೆರೆದ ದತ್ತಾಂಶ ಅಪರೂಪ: ಗಂಟೆ, ಬೀಟ್ (ಪೊಲೀಸ್ ಗಸ್ತಿನ ವಲಯ), ನಗರದ 77 ಸಮುದಾಯ ಪ್ರದೇಶಗಳು ಎಲ್ಲವೂ ಇವೆ. ವಿಳಾಸ ಮಾತ್ರ ಬ್ಲಾಕ್ ಮಟ್ಟಕ್ಕೆ ಮಸುಕು, ಹಾಗಾಗಿ ನಕ್ಷೆಯ ಚುಕ್ಕಿಯನ್ನು ಮನೆ ಬಾಗಿಲೆಂದು ತಿಳಿಯಬೇಡಿ. ಯಾರು, ಹೇಗೆ ಎಂದು ಕೇಳಿದರೆ ಪಟ್ಟಿ ಮೂಕ. ಕಾರಿನ ಮಾಡೆಲ್ ಇಲ್ಲ, ಗಾಯದ ವಿವರವಿಲ್ಲ, ಗಾಡಿ ಮರಳಿ ಸಿಕ್ಕಿತೇ ಎಂಬುದೂ ಇಲ್ಲ. ಕಸಿಯುವಾಗ ಚಾಲಕ ಸತ್ತರೆ ಆ ಸಾಲು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಅಂದರೆ ಅತಿ ಘೋರ ಪ್ರಕರಣಗಳೇ ನಿಮ್ಮ ಎಣಿಕೆಯಿಂದ ಜಾರುತ್ತವೆ.

ಪೊಲೀಸರ ತನಕ ಹೋಗದ ಘಟನೆಗಳೂ ಇಲ್ಲಿಲ್ಲ. ಅವುಗಳಿಗೆ ಅಮೆರಿಕದ ರಾಷ್ಟ್ರೀಯ ಸಂತ್ರಸ್ತರ ಸಮೀಕ್ಷೆಯೇ ಗತಿ, ಆದರೆ ಇಷ್ಟು ವಿರಳ ಅಪರಾಧವನ್ನು ಒಂದೇ ನಗರದ ಮಟ್ಟದಲ್ಲಿ ಅಳೆಯಲು ಅದರ ಮಾದರಿ ಸಾಲದು.

ಬಂಧನದ ಕಾಲಂ ನಂತರವೂ ತಿದ್ದುಪಡಿಯಾಗುತ್ತದೆ. ಈ ವರ್ಷದ ಬಂಧನ ಪ್ರಮಾಣವನ್ನು ಹಳೆಯ ವರ್ಷದ್ದಕ್ಕೆ ತೂಗಿದರೆ ಪೊಲೀಸರು ಸೋತಂತೆ ಕಾಣುವುದು ಸಹಜ. ಕೊನೆಯ 7 ದಿನಗಳ ದಾಖಲೆಯೂ ಇರುವುದಿಲ್ಲ, ಹಾಗಾಗಿ ನಡೆಯುತ್ತಿರುವ ತಿಂಗಳನ್ನು ಚಾರ್ಟ್‌ನಿಂದ ತೆಗೆದುಬಿಡಿ.