ಜಪಾನ್‌ನಿಂದ ಹಳೇ ಸುಬಾರು ವ್ಯಾಗನ್ ತರಿಸೋರು ದುಡ್ಡು ಕಳ್ಸೋ ಮುಂಚೆ ಇದನ್ನ ಓದಿ

ಅಮೆರಿಕದಲ್ಲಿರೋ ನಮ್ಮವರಲ್ಲೂ ಈ ಜೆಡಿಎಂ (ಜಪಾನ್ ಮಾರ್ಕೆಟ್‌ಗೆ ಅಂತಲೇ ಮಾಡಿದ ಗಾಡಿ) ಹುಚ್ಚು ಹತ್ತಿಸ್ಕೊಂಡೋರು ಸುಮಾರು ಜನ ಇದ್ದೀರ, ಅದಕ್ಕೇ ಬರೀತಿದೀನಿ. (ಊರಲ್ಲಿರೋರಿಗೆ ಈ ತಲೆನೋವೇ ಇಲ್ಲ, ಇಂಡಿಯಾಗೆ 3 ವರ್ಷಕ್ಕಿಂತ ಹಳೇ ಗಾಡಿ ತರೋಕೇ ಬಿಡಲ್ಲ. ಪುಣ್ಯವಂತರು.)

ನಾನು ತರಿಸಿದ್ದು 1998ರ ಲೆಗಸಿ ಟೂರಿಂಗ್ ವ್ಯಾಗನ್ ಜಿಟಿ-ಬಿ. ಮಾಡೆಲ್ ಕೋಡ್ ಬಿಜಿ5, ಮ್ಯಾನುಯಲ್, ಟ್ವಿನ್ ಟರ್ಬೊ, 280 ಪಿಎಸ್. 25 ವರ್ಷ ದಾಟಿದೆ (ಅಷ್ಟು ಹಳೇದಾದ್ರೆ ಅಮೆರಿಕದ ಸೇಫ್ಟಿ ರೂಲ್ ಅಡ್ಡ ಬರಲ್ಲ), ಹೊರಗಿಂದ ಗಾಡಿ ತರೋಕೆ ತುಂಬೋ ಎಚ್‌ಎಸ್-7 ಫಾರ್ಮ್, ಇಪಿಎ ಫಾರ್ಮ್ ಎಲ್ಲ ಸರಿ, ಟಕೋಮಾ ಪೋರ್ಟಲ್ಲಿ ಕಸ್ಟಮ್ಸ್‌ನೋರು ಒಂದು ಮಾತಾಡದೆ ಬಿಟ್ರು. ಸರಿ ಇಲ್ದೇ ಇದ್ದಿದ್ದು ಗಾಡಿ ಮಾತ್ರ.

ಎಕ್ಸ್‌ಪೋರ್ಟರ್ ಹೇಳಿದ್ದು ಗ್ರೇಡ್ 4, ಇಂಟೀರಿಯರ್ ಬಿ (ಅಂದ್ರೆ ಒಳ್ಳೇ ಸ್ಥಿತಿ), 86,000 ಕಿಮೀ, ತುಕ್ಕು ಇಲ್ವೇ ಇಲ್ಲ. ಹರಾಜಿನ ಶೀಟ್ (ಜಪಾನಲ್ಲಿ ಹರಾಜಿನೋರು ಗಾಡಿ ನೋಡಿ ಅದರ ಸ್ಥಿತಿ ಬರೆಯೋ ಕಾಗದ) ಕೇಳಿದ್ರೆ ಇಂಗ್ಲಿಷಲ್ಲಿ ಟೈಪ್ ಮಾಡಿದ ಒಂದು ಪಿಡಿಎಫ್ ಕಳ್ಸಿದ. ಒರಿಜಿನಲ್ ಕಳ್ಸಪ್ಪ ಅಂದ್ರೆ "ಸರ್, ನಿಮಗೆ ಜಪಾನೀಸ್ ಓದೋಕೆ ಬರತ್ತಾ? ನಿಮ್ಮ ಅನುಕೂಲಕ್ಕೇ ಟ್ರಾನ್ಸ್‌ಲೇಟ್ ಮಾಡ್ಸಿದೀವಿ" ಅಂತೆ. ಎಷ್ಟು ಮರ್ಯಾದೆ ನೋಡಿ! ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಸರ್, ಇನ್ನೊಂದು ಪಾರ್ಟಿ ಕೇಳ್ತಾ ಇದೆ ಸರ್, ನಿಮಗೋಸ್ಕರ ಹಿಡ್ಕೊಂಡಿದೀನಿ ಸರ್. ಫೋಟೊದಲ್ಲಿ ನಂಬರ್ ಪ್ಲೇಟ್ ಮಸುಕು ಮಾಡಿದ್ದ. ಯಾಕೆ ಅಂತ ಆಮೇಲೆ ಗೊತ್ತಾಯ್ತು, ಜಪಾನ್ ಪ್ಲೇಟ್ ಮೇಲೆ ಊರಿನ ಹೆಸರು ಇರತ್ತಲ್ಲ.

ಗಾಡಿ ಬಂತು. ನೋಡೋಕೆ ಮದುಮಗಳ ಥರ ಇತ್ತು, ಸುಳ್ಳು ಯಾಕೆ ಹೇಳ್ಲಿ. ಮೆಕ್ಯಾನಿಕ್ ಹತ್ರ ಹೋಗುವಾಗ ತೋರ್ಸೋಣ ಅಂತ ಫ್ರೆಂಡ್ಸ್‌ನ ಬೇರೆ ಕರ್ಕೊಂಡು ಹೋಗಿದ್ದೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟ, ಟೈಮಿಂಗ್ ಬೆಲ್ಟ್ ಕವರ್ ಮೇಲೆ ಮಾಸಿಹೋದ ಒಂದು ಸಣ್ಣ ಸ್ಟಿಕರ್. ಈ ಇಂಜಿನ್‌ಗೆ 1 ಲಕ್ಷ ಕಿಮೀಗೆ ಬೆಲ್ಟ್ ಬದಲಾಯಿಸ್ತಾರೆ, ಅಲ್ಲಿ ಗ್ಯಾರೇಜ್‌ನೋರು ತಾರೀಕು, ಕಿಮೀ ಬರ್ದು ಅಂಟಿಸ್ತಾರೆ. ಅದ್ರ ಮೇಲೆ ಬಾಲ್ ಪೆನ್ನಲ್ಲಿ ಜಪಾನಿನ ಲೆಕ್ಕದ ವರ್ಷ ಹೈಸೇ 20, ಅಂದ್ರೆ 2008, ಪಕ್ಕದಲ್ಲಿ 1,02,400 ಕಿಮೀ. 2008ರಲ್ಲೇ ಲಕ್ಷ ದಾಟಿದ ಗಾಡಿ ಇವತ್ತು ಮೀಟರ್‌ನಲ್ಲಿ 86 ಸಾವಿರ ತೋರಿಸ್ತಿದೆ! ಇಷ್ಟು ವರ್ಷ ರಿವರ್ಸ್ ಗೇರಲ್ಲೇ ಓಡ್ಸಿದ್ರಾ? ಮೆಕ್ಯಾನಿಕ್ ಏನೂ ಹೇಳ್ಲಿಲ್ಲ, ನನ್ನ ಮುಖ ನೋಡಿದ ಅಷ್ಟೇ, ಫ್ರೆಂಡ್ಸ್ ಎಲ್ಲ ಫೋನ್ ನೋಡ್ತಾ ನಿಂತ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಸ್ಟಿಕರ್ ಮೇಲಿನ ಗ್ಯಾರೇಜ್ ವಿಳಾಸಕ್ಕೆ ಫೋನ್ ಟ್ರಾನ್ಸ್‌ಲೇಟರ್ ಹಿಡಿದ್ರೆ ಅಓಮೊರಿ. ಜಪಾನಲ್ಲಿ ಭಯಂಕರ ಹಿಮ ಬೀಳೋ ಜಾಗ, ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರೀತಾರೆ. ಗಾಡಿ ಮೇಲೆತ್ತಿದ್ರೆ ಅಡಿಗೆಲ್ಲ ಹೊಸದಾಗಿ ಕರೀ ಅಂಡರ್‌ಕೋಟ್, ಇನ್ನೂ ವಾಸನೆ ಹೋಗಿರ್ಲಿಲ್ಲ. ಹಿಂದಿನ ವೀಲ್ ಆರ್ಚ್ ಒಳಗೆ ಸ್ಕ್ರೂಡ್ರೈವರ್ ಒತ್ತಿದ, ಅದು ಹಾಗೇ ಒಳಗೆ ಹೋಯ್ತು. ತುಕ್ಕು ಇಲ್ವೇ ಇಲ್ಲ ಅಂದಿದ್ನಲ್ಲ ಪುಣ್ಯಾತ್ಮ.

ಈಗ ಅವನ ಉತ್ತರ ಕೇಳಿ. ಮೊದ್ಲು: "ಸರ್, ಬೆಲ್ಟ್ ಕವರ್ ಬೇರೆ ಗಾಡಿದು ಇರ್ಬಹುದು." ಬೇರೆ ಗಾಡಿದಂತೆ! ಆಮೇಲೆ: "25 ವರ್ಷದ ಗಾಡಿ ಸರ್, ಸ್ವಲ್ಪ ತುಕ್ಕು ನಾರ್ಮಲ್." ಚಾಸಿಸ್ ನಂಬರ್ ಕೊಟ್ಟು ದುಡ್ಡು ಕಟ್ಟಿ ಬೇರೆ ಕಡೆಯಿಂದ ಒರಿಜಿನಲ್ ಶೀಟ್ ತರ್ಸಿ ಮುಖಕ್ಕೆ ಹಿಡಿದೆ. ಗ್ರೇಡ್ 4 ಅಲ್ಲ, ಆರ್, ಅಂದ್ರೆ ಆಕ್ಸಿಡೆಂಟ್ ಆಗಿ ರಿಪೇರಿ ಆದ ಗಾಡಿ. ಕಿಮೀ ಪಕ್ಕದಲ್ಲಿ ಸ್ಟಾರ್ ಗುರುತು, ಮೀಟರ್ ನಂಬಂಗಿಲ್ಲ ಅಂತ ಹರಾಜಿನೋರೇ ಹಾಕಿದ್ದು. ಬಲಗಡೆ ಫೆಂಡರ್ ಮೇಲೆ ಎಕ್ಸ್‌ಎಕ್ಸ್, ಅಂದ್ರೆ ಬದಲಾಯಿಸಿರೋದು. ಅಂದ್ರೆ ಇವನಿಗೆ ಎಲ್ಲಾ ಗೊತ್ತಿತ್ತು, ಕೊಂಡ ದಿನವೇ ಗೊತ್ತಿತ್ತು! ಅದಕ್ಕೆ ಅವನ ಉತ್ತರ: "ಸರ್, ಟ್ರಾನ್ಸ್‌ಲೇಷನ್ ಟೀಮ್ ಮಿಸ್ಟೇಕ್." ರಿಫಂಡ್ ಅಂದ್ರೆ "ಸೋಲ್ಡ್ ಆ್ಯಸ್ ಈಸ್ ಸರ್." ಈಗ ಬ್ಲೂ ಟಿಕ್ ಬರತ್ತೆ, ಉತ್ತರ ಬರಲ್ಲ. ಮಧ್ಯದಲ್ಲಿ ಒಂದ್ಸಲ "ಹೊಸ ಸ್ಟಾಕ್, ನಿಸ್ಸಾನ್ ಸ್ಟೇಜಿಯಾ ಆರ್‌ಎಸ್ ಫೋರ್, ಹಳೇ ಕಸ್ಟಮರ್‌ಗೆ ಡಿಸ್ಕೌಂಟ್" ಅಂತ ಬೇರೆ ಕಳ್ಸಿದ್ದ, ಮೈಯೆಲ್ಲ ಉರೀತು. ಮನೇಲಿ ಹೆಂಡ್ತಿ ಕೇಳೋದು ಒಂದೇ, ಈ ದುಡ್ಡಿಗೆ ಇಲ್ಲೇ ಒಂದು ಔಟ್‌ಬ್ಯಾಕ್ ಬರ್ತಿತ್ತಲ್ವಾ ಅಂತ.

ಲೆಗಸಿ, ಮಿತ್ಸುಬಿಷಿ ಲೆಗ್ನಮ್, ಸ್ಟೇಜಿಯಾ ಯಾವ್ದೇ ವ್ಯಾಗನ್ ಆಗ್ಲಿ, ಜಪಾನೀಸ್ ಒರಿಜಿನಲ್ ಶೀಟ್ ಕೊಡಲ್ಲ ಅಂದೋನ ಹತ್ರ ಮಾತೇ ಬೇಡ. ಚಾಸಿಸ್ ನಂಬರ್ ಇಸ್ಕೊಂಡು ನೀವೇ ಚೆಕ್ ಮಾಡ್ಸಿ, ಶಾಕೆನ್ (ಜಪಾನಿನ ಸರ್ಕಾರಿ ಗಾಡಿ ಇನ್‌ಸ್ಪೆಕ್ಷನ್) ಪೇಪರ್ ಕಾಪಿ ಕೇಳಿ, ಅದ್ರಲ್ಲಿ ಇನ್‌ಸ್ಪೆಕ್ಷನ್ ಟೈಮಲ್ಲಿ ಬರ್ಕೊಂಡ ಕಿಮೀ ಇರತ್ತೆ. ಅಡಿಯ ಫೋಟೊ ಕೇಳಿ, ಫಳಫಳ ಕರ್ರಗಿದ್ರೆ ಬಿಟ್ಟಾಕಿ. ಸರ್ ಸರ್ ಅಂತ ಜಾಸ್ತಿ ಅನ್ನೋನನ್ನ ಇನ್ನೂ ಬೇಗ ಬಿಟ್ಟಾಕಿ.

ಬ್ಯಾಂಕ್‌ನೋರು ವೈರ್ ಮಾಡಿದ್ಮೇಲೆ ನಮ್ಮ ಕೈಲಿ ಏನೂ ಇಲ್ಲ ಅಂತಿದ್ದಾರೆ. ಜಪಾನ್‌ಗೆ ಕಳ್ಸಿದ ಟಿಟಿ (ಬ್ಯಾಂಕ್ ವೈರ್) ದುಡ್ಡು ಯಾರಾದ್ರೂ ವಾಪಸ್ ತರ್ಸಿದೀರಾ? ತರ್ಸಿದ್ರೆ ಹೆಂಗೆ ಅಂತ ಹೇಳಿ. ಬಿಜಿ5ಗೆ ಹಿಂದಿನ ವೀಲ್ ಆರ್ಚ್ ಪ್ಯಾನೆಲ್ ಇಲ್ಲಿ ಎಲ್ಲಿ ಸಿಗತ್ತೆ ಅಂತ ಗೊತ್ತಿದ್ರೆ ಅದನ್ನೂ ಹೇಳಿ.